ಓಟಗಾರ್ತಿಯ ಎಲುಬು, ಮನೆಯವರ ಉಪಚಾರ

ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ನಾನು ಆಟದ ಟೀಚರು. ಮಕ್ಕಳು ನನ್ನ ಸೀಟಿಗೆ ಹೆದರುತ್ತಾರೆ, ಅವರ ಮನೆಯವರು ಯಾವುದಕ್ಕೂ ಹೆದರುವುದಿಲ್ಲ. ಹೀಗಾಗಿ ನನ್ನ ಪಿತ್ತ ನೆತ್ತಿಗೇರುವಂಥದ್ದು ವರ್ಷಕ್ಕೊಂದಾದರೂ ನಡೆದೇ ನಡೆಯುತ್ತದೆ. ಈ ವರ್ಷದ್ದನ್ನು ಹೇಳಿಬಿಡುತ್ತೇನೆ. ಹೇಳದಿದ್ದರೆ ನನ್ನ ಬಿ.ಪಿ. ಇಳಿಯುವ ಹಾಗೆ ಕಾಣುವುದಿಲ್ಲ.

ಹತ್ತನೇ ತರಗತಿಗೆ ಬಂದ ಒಬ್ಬ ಹುಡುಗಿ ಇದ್ದಾಳೆ. ದೂರದ ಓಟಕ್ಕೆ ಅವಳು ನಿಂತಳೆಂದರೆ ಉಳಿದವರು ಎರಡನೇ ಸ್ಥಾನಕ್ಕೆ ಬಡಿದಾಡಬೇಕು. ಬೇಸಿಗೆ ಶಿಬಿರದಲ್ಲಿ ಅವಳಿಗೆ ಮೊಣಕಾಲಿನ ಕೆಳಗೆ ನೋವು ಬಂತು. ರಾಣೆಬೆನ್ನೂರಿನ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ನೋಡಿ ಹೇಳಿದರು:

"ಎಲುಬಿನಾಗ ಸಣ್ಣ ಸೀಳು ಬಿಟ್ಟೈತಿ. ಓಡೋದು ಬಂದ್. ಕ್ಯಾಲ್ಸಿಯಂ ಗುಳಿಗಿ, ಮುಂಜಾನಿ ಬಿಸಿಲು, ಹಾಲು, ಹೊಟ್ಟಿ ತುಂಬ ಊಟ. ಎಲುಬು ಕೂಡಿದ ಮ್ಯಾಲ ಹಗೂರಕ ಓಡೋದು ಶುರು ಮಾಡೋಣು. ಇಷ್ಟು ಪಾಲಿಸಿದ್ರ ಹಾವೇರಿ ಜಿಲ್ಲಾ ಕ್ರೀಡಾಕೂಟಕ್ಕ ಓಡ್ತಾಳ. ಇಲ್ಲಾಂದ್ರ ಇಲ್ಲ."

ಶಾಲೆಯ ಹೆಸರಿನಲ್ಲಿ ಅವಳು ಓಡಬಹುದಾದ ಕೊನೆಯ ಕೂಟ ಅದು. ಡಾಕ್ಟರು ಹೇಳಿದ್ದು ಇಷ್ಟೇ ಕೆಲಸ. ಇದನ್ನು ಕೆಡಿಸಲು ಯಾರಿಗೆ ಸಾಧ್ಯ ಎಂದುಕೊಂಡೆ!

ಡಬ್ಬಿ

ಹುಡುಗಿಯ ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಕೋರ್ಟು ಕೆಲಸಕ್ಕೆಂದು ಹಾವೇರಿಗೆ ಹೋದವರು ಮಗಳಿಗಾಗಿ ಅಲ್ಲಿಂದ ಒಂದು ದೊಡ್ಡ ಪ್ರೋಟೀನ್ ಪುಡಿಯ ಡಬ್ಬಿ ತಂದರು. ಡಬ್ಬಿಯ ಮೇಲೆ ಅಂಗಿ ಇಲ್ಲದ ಒಬ್ಬ ಪೈಲ್ವಾನ. ಡಾಕ್ಟರು ಹೇಳದ ಪುಡಿ ಯಾಕೆ ಎಂದು ಕೇಳಲು ಅವರ ಮನೆಗೆ ಹೋದರೆ, ಡಬ್ಬಿ ಶೋಕೇಸಿನಲ್ಲಿತ್ತು, ಹುಡುಗಿ ಗೆದ್ದ ಕಪ್ಪುಗಳ ನಡುವೆ. ಸೀಲು ಮಾತ್ರ ಒಡೆದಿತ್ತು.

"ಇದನ್ನ ದಿನಾ ಹುಡುಗಿಗೆ ಕುಡಸ್ತೀರೇನ್ರಿ?" ಎಂದೆ.

"ಇಷ್ಟು ತುಟ್ಟಿ ಸಾಮಾನ ದಿನಾ ಕುಡಸಾಕ ಬರತೈತೇನ್ರಿ?" ಎಂದರು ಅಪ್ಪ. "ದೊಡ್ಡವ್ರು ಯಾರರ ಮನಿಗೆ ಬಂದ್ರ ಕೊಡ್ತೇವಿ."

ಅಷ್ಟರಲ್ಲಿ ಅವ್ವ ಬೆಳ್ಳಿ ಲೋಟದಲ್ಲಿ ಅದನ್ನೇ ಕದಡಿ ತಂದು ನನ್ನ ಕೈಗಿತ್ತರು. "ಕುಡೀರಿ ಅಕ್ಕೋರ, ಯಾಲಕ್ಕಿ ಹಾಕೇನಿ." ಹುಡುಗಿ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಬೈಯಲು ಬಾಯಿ ತೆರೆದೇಬಿಟ್ಟೆ; ತೆರೆದ ಬಾಯಿಗೆ ಅವ್ವ ಬಿಡದೆ ಕುಡಿಸಿಬಿಟ್ಟರು. ಆ ಡಬ್ಬಿ ಖಾಲಿಯಾಗುವ ಹೊತ್ತಿಗೆ ಅದರ ಲಾಭ ಪಡೆದವರು ನಾನು, ಅವರ ಬೀಗರು ಮತ್ತು ಬ್ಯಾಂಕಿನ ಮ್ಯಾನೇಜರು.

ಬಿಸಿಲು

ಪುಡಿ ಹೋಗಲಿ, ಬಿಸಿಲಿಗೇನು ದುಡ್ಡು ಕೊಡಬೇಕೇ? ಇನ್ನೊಂದು ಮುಂಜಾನೆ ಹೋಗಿ ಅವರ ಮಾಳಿಗೆ ಹತ್ತಿದೆ. ಮಾಳಿಗೆ ತುಂಬ ಮೆಣಸಿನಕಾಯಿ ಹರವಿತ್ತು. ಕಾಲಿಡಲು ಜಾಗ ಇರಲಿಲ್ಲ. ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ನಮ್ಮ ಓಟಗಾರ್ತಿ, ತುಂಬುತೋಳಿನ ಅಂಗಿ, ಮುಖಕ್ಕೆ ದುಪಟ್ಟಾ, ಕೈಯಲ್ಲಿ ಕರಿ ಛತ್ರಿ ಹಿಡಿದು ಸೀನುತ್ತಾ ಕೂತಿದ್ದಳು.

"ಏನ್ರಿ ಇದು!" ಎಂದು ಅವಳ ಅವ್ವನ ಮೇಲೆ ಕೂಗಾಡಿದೆ.

"ಡಾಕ್ಟರು ಬಿಸಿಲಾಗ ಕುಂದ್ರಸ್ರಿ ಅಂದ್ರು, ಕುಂದ್ರಸೇನಿ. ಛತ್ರಿ ಹಿಡೀಬ್ಯಾಡ್ರಿ ಅಂದಾರೇನು? ಹೆಣ್ಣ ಹುಡುಗಿ, ಕರ್ರಗಾದ್ರ ನಾಳೆ ಯಾರು ಕೇಳ್ತಾರ?"

"ಹಂಗಾರ ಮೆಣಸಿನಕಾಯಿಗೂ ಛತ್ರಿ ಹಿಡೀರಲ್ಲ!"

"ಅಯ್ಯ, ಅಕ್ಕೋರ," ಎಂದು ಆಕೆ ನನ್ನನ್ನು ಮರುಕದಿಂದ ನೋಡಿದರು. "ಬಿಸಿಲು ತಾಗದಿದ್ರ ಅವು ಕೆಡತಾವಲ್ರಿ!"

ಹರಕೆ

ಶಾಲೆ ಶುರುವಾಯಿತು. ಕಾಲಿಗೆ ಭಾರ ಬೀಳದಂತೆ ಕೂತು ಮಾಡುವ ವ್ಯಾಯಾಮ ಮಾಡಿಸುತ್ತಿದ್ದೆ. ಸೋಮವಾರ ಬಂತೆಂದರೆ ಹುಡುಗಿ ಗೋಡೆಗೆ ಒರಗುತ್ತಿದ್ದಳು. ಗದರಿಸಿ ಕೇಳಿದ ಮೇಲೆ ಬಾಯಿ ಬಿಟ್ಟಳು, ರವಿವಾರ ಇಡೀ ದಿನ ಉಪವಾಸವಂತೆ. ಅವಳ ಅವ್ವನನ್ನು ಕರೆಸಿದೆ.

"ಎಲುಬು ಕೂಡಬೇಕಂದ್ರ ಹೊಟ್ಟಿ ತುಂಬ ಉಣಬೇಕ್ರಿ. ಉಪವಾಸ ಯಾಕ?"

"ಎಲುಬು ಕೂಡ್ಲಿ ಅಂತನ ದೇವರಗುಡ್ಡಕ್ಕ ಹರಕಿ ಹೊತ್ತೇನ್ರಿ."

"ಹರಕಿ ಹೊತ್ತಾವ್ರು ಯಾರು?"

"ನಾನ್ರಿ."

"ಮತ್ತ ಉಪವಾಸ ಆಕಿ ಯಾಕ ಮಾಡಬೇಕು?"

"ನನಗ ಶುಗರ್ ಐತಲ್ರಿ ಅಕ್ಕೋರ! ಹೊತ್ತಿಗೆ ಸರಿಯಾಗಿ ಉಣಬೇಕಂತ ಡಾಕ್ಟರು ಹೇಳ್ಯಾರ."

ತಮ್ಮ ಡಾಕ್ಟರ ಮಾತನ್ನು ಆ ತಾಯಿ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಗುಳಿಗೆ

ಮತ್ತೆ ಎಕ್ಸ್‌ರೇ ತೆಗೆಸುವ ದಿನ ಬಂತು. ರಾಣೆಬೆನ್ನೂರಿಗೆ ನಮ್ಮ ಜೊತೆ ಹುಡುಗಿಯ ಅಜ್ಜಿಯೂ ಬಂದರು. ಆ ಮನೆಯಲ್ಲಿ ಔಷಧಿ ಕೊಡುವ ಜವಾಬ್ದಾರಿ ಅವರದು. ನನಗೆ ಉಳಿದಿದ್ದ ಒಂದೇ ನಂಬಿಕೆ ಎಂದರೆ ಗುಳಿಗೆ. ಇದ್ದದ್ದು ಖಾಲಿಯಾದ ಕೂಡಲೇ ಅಜ್ಜಿ ಹೊಸದು ತರಿಸುತ್ತಾರೆಂದು ಕೇಳಿ ಸಮಾಧಾನಪಟ್ಟಿದ್ದೆ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಸೀಳು ಮೊದಲಿನಂಗನ ಐತಲ್ಲ! ಗುಳಿಗಿ ತಗೊಂಡಿಲ್ಲೇನವಾ?"

ಹುಡುಗಿ ಅಜ್ಜಿಯನ್ನು ನೋಡಿದಳು.

"ಒಂದಿನಾನೂ ತಪ್ಪಿಸಿಲ್ರಿ," ಎಂದರು ಅಜ್ಜಿ. "ನನ್ನ ಕೈಯಾರೆ ಹಾಕೇನಿ."

"ಯಾರಿಗೆ?" ಎಂದೆ. ಯಾಕೋ ನನಗೆ ಸಂಶಯ ಬಂದಿತ್ತು.

"ಎಮ್ಮಿಗೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಷ್ಟು ದೊಡ್ಡ ಗುಳಿಗಿ ಕೂಸಿಗೆ ಉಷ್ಣ ಆಗತೈತ್ರಿ," ಎಂದು ಅಜ್ಜಿ ನಮಗೆ ತಿಳಿಸಿ ಹೇಳಿದರು. "ಎಮ್ಮಿ ಅರಗಿಸಿಕೊಂತೈತಿ. ಹಿಂಡಿಯೊಳಗ ಪುಡಿ ಮಾಡಿ ಹಾಕ್ತೇನಿ. ಎಮ್ಮಿ ತಿಂದ್ರ ಹಾಲಿಗೆ ಇಳಿತೈತಿ. ಹಾಲಿನಾಗ ಬಂದ್ರ ತಂಪು."

ನಾನು ಹಲ್ಲು ಕಚ್ಚಿ ಹುಡುಗಿಯ ಕಡೆ ತಿರುಗಿದೆ. "ಆ ಹಾಲಾದ್ರೂ ಕುಡದಿಯೇನ?"

"ಎಲ್ಲೀದ್ರಿ ಅಕ್ಕೋರ. ಹಾಲು ಡೈರಿಗೆ ಹೋಗತೈತ್ರಿ."

"ಗುಳಿಗಿ ಮಾತ್ರ ಬಾಳ ಚಲೋ ಅದಾವ್ರಿ ಡಾಕ್ಟರ!" ಅಜ್ಜಿಗೆ ಉತ್ಸಾಹ ಬಂದಿತ್ತು. "ಎಮ್ಮಿಗೆ ಏನ್ ತಾಕತ್ತು ಅಂತೀರಿ! ಮೊನ್ನಿ ಹಗ್ಗ ಹರಕೊಂಡು ಓಡ್ತು. ಓಣಿ ಗಂಡಸ್ರೆಲ್ಲಾ ಬೆನ್ನ ಹತ್ತಿದ್ರೂ ಸಿಗಲಿಲ್ಲ."

"ಮತ್ತ ಯಾರು ಹಿಡದ್ರು?" ಎಂದರು ಡಾಕ್ಟರು.

"ಇನ್ಯಾರ್ರಿ, ನಮ್ಮ ಹುಡುಗಿ! ಹೊಲದ ತನಕ ಓಡಿಹೋಗಿ ಹಿಡಕೊಂಡ ಬಂದ್ಲು."

ಡಾಕ್ಟರು ಕನ್ನಡಕ ಹಾಕಿಕೊಂಡು, ಈ ವರ್ಷದ ಕ್ರೀಡಾಕೂಟ ಮರೆತುಬಿಡಿ ಎಂದರು. ಆಮೇಲೆ ಪೆನ್ನು ಎತ್ತಿಕೊಂಡು ಅಜ್ಜಿಯನ್ನು ಕೇಳಿದರು, "ಈ ಸಲ ಗುಳಿಗಿ ಯಾರ ಹೆಸರಿಗೆ ಬರೀಲಿ, ಆಯಿ?"

ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ಮುಖ ಹಚ್ಚಿ ಅತ್ತಳು. ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸುತ್ತಾ, "ಎಮ್ಮಿ ಹೋದ್ರ ಹೋಗ್ತಿತ್ತು ನನ್ನವ್ವ, ನೀ ಯಾಕ ಓಡಿದಿ," ಎಂದು ದಾರಿಯುದ್ದಕ್ಕೂ ಅನ್ನುತ್ತಲೇ ಇದ್ದರು. ಮರುದಿನದಿಂದ ಪ್ರಾರ್ಥನೆ ಮುಗಿದ ಕೂಡಲೇ ಹುಡುಗಿಗೆ ಗುಳಿಗೆಯನ್ನು ನನ್ನೆದುರೇ ನುಂಗಿಸಿ, ಬಾಯಿ ತೆರೆಸಿ ನೋಡತೊಡಗಿದೆ.

ಕೂಟಕ್ಕೆ ಅವಳನ್ನೂ ಹಾವೇರಿಗೆ ಕರೆದೊಯ್ದೆ, ಗೆಳತಿಯರ ಬೂಟು, ಚೀಲ ಕಾಯಲು. ಅವಳು ಓಡಬೇಕಿದ್ದ ಓಟವನ್ನು ಬೇರೆ ತಾಲೂಕಿನ ಹುಡುಗಿಯೊಬ್ಬಳು ಗೆದ್ದಳು. ಮೈದಾನದ ತುಂಬ ಚಪ್ಪಾಳೆ. ನನಗೆ ಸಂಕಟ, ಸಿಟ್ಟು ಎರಡೂ ಒಟ್ಟಿಗೇ ಬಂದು, ಪಕ್ಕದಲ್ಲಿ ಕೂತವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅವಳೇ ನನ್ನ ಕಿವಿಯ ಹತ್ತಿರ ಬಂದಳು.

"ಅಕ್ಕೋರ, ಈಕಿಗಿಂತ ನಮ್ಮ ಎಮ್ಮಿ ಜೋರು ಓಡಿತ್ತರಿ."