ಹನಮಂತನಿಗಾಗಿ ಹಾಕಿದ ಹಿಟ್ಟಿನ ದಾರಿ

ಇಪ್ಪತ್ತೆಂಟು ವರ್ಷ ಡ್ರಿಲ್ ಮಾಸ್ತರನಾಗಿ ಮಕ್ಕಳನ್ನು ಸಾಲಾಗಿ ನಡೆಸಿದವನಿಗೆ ನಾಲ್ವರು ಗೆಳೆಯರಿಗೆ ದಾರಿ ತೋರಿಸುವುದು ಯಾವ ದೊಡ್ಡ ಕೆಲಸ? ಹಾಗಂತ ನಾನು ತಿಳಿದಿದ್ದೆ.

ಶಹಾಬಾದಿನಲ್ಲಿ ನಮ್ಮ ಐವರದೊಂದು ಓಟದ ಸಂಘ. ಭಾನುವಾರ ಬೆಳಿಗ್ಗೆ ಒಬ್ಬ ಮುಂದೆ ಹೋಗಿ ಅಲ್ಲಲ್ಲಿ ಹಿಟ್ಟು ಉದುರಿಸುತ್ತಾನೆ. ಉಳಿದವರು ಆ ಗುರುತು ಹಿಡಿದು ಓಡಿ ಬರುತ್ತಾರೆ. ದಾರಿ ಮುಗಿದಲ್ಲಿ ಬಿಯರ್ ಇರುತ್ತದೆ. ಮನೆಯಲ್ಲಿ ಓಟದ ವಿಷಯವನ್ನಷ್ಟೇ ಹೇಳುತ್ತೇವೆ!

ಆ ಭಾನುವಾರ ಹನಮಂತನ ಕೊನೆಯ ಓಟ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಊರೇ ಬೇಡವಾಗಿತ್ತು. ಮಧ್ಯಾಹ್ನದ ಗಾಡಿಗೆ ಸೊಲ್ಲಾಪುರಕ್ಕೆ, ಅಣ್ಣನ ಹತ್ತಿರ ಹೊರಟಿದ್ದ. "ಈ ಸಲ ದಾರಿ ನಾನೇ ಹಾಕ್ತೀನಿ" ಎಂದು ಹಟ ಹಿಡಿದೆ. ಬೀಳ್ಕೊಡುವ ನಾಲ್ಕು ಮಾತುಗಳನ್ನೂ ಬಾಯಿಪಾಠ ಮಾಡಿದ್ದೆ.

"ರೊಟ್ಟಿ ಹಿಟ್ಟು ಎಲ್ಲಿಗಿ ಒಯ್ಯಾಕತ್ತೀರಿ?" ಎಂದಳು ನನ್ನ ಹೆಂಡತಿ ಶಾಂತಾ.

"ಹನಮಂತಗ."

ಅವಳು ಇನ್ನೊಂದು ಬೊಗಸೆ ಹಾಕಿದಳು.

ಹಿಂದೆ ತಿರುಗಿ ನೋಡದೆ ಹಿಟ್ಟು ಉದುರಿಸುತ್ತ ಕಲ್ಲಿನ ಗಣಿಗಳ ನಡುವೆ ನಡೆದೆ. ಬೇವಿನ ಮರದ ಕೆಳಗೆ ಬಿಯರ್ ಇಟ್ಟು ಕುಳಿತೆ. ಎಂಟಾಯಿತು. ಒಂಬತ್ತಾಯಿತು. ಮೊದಲು ಬಂದದ್ದು ಆಡುಗಳ ಹಿಂಡು. ಪ್ರತಿಯೊಂದರ ಮೂತಿಯೂ ಬೆಳ್ಳಗಿತ್ತು!

ಫೋನು ಮನೆಯಲ್ಲಿತ್ತು. ಹತ್ತೂವರೆಯವರೆಗೆ ಕಾದೆ. ಬಿಯರ್ ಬಿಸಿಯಾಯಿತು. ಬಾಯಿಪಾಠವನ್ನು ಆಡುಗಳಿಗೇ ಒಪ್ಪಿಸಿದೆ. ಒಂದೂ ನಿಂತು ಕೇಳಲಿಲ್ಲ.

ಮನೆಗೆ ಬಂದರೆ ಶಾಂತಾ ಬಾಗಿಲಲ್ಲೇ ಹಿಡಿದಳು.

"ಎಲ್ಲಿ ಹೋಗಿದ್ರಿ? ನಿಮ್ಮ ಹಿಟ್ಟು ಕಾಣ್ಲೇ ಇಲ್ಲಂತ. ಯಾವುದೋ ಟ್ರ್ಯಾಕ್ಟರಿನಿಂದ ಕಲ್ಲಿನ ಪುಡಿ ಸುರದಿತ್ತಂತ, ಅದನ್ನೇ ಹಿಡದು ನಾಕೂ ಮಂದಿ ಓಡ್ಯಾರ. ಸೀದಾ ಸ್ಮಶಾನಕ್ಕ! ಅಲ್ಲಿ ಯಾರದೋ ಮಣ್ಣು ನಡದಿತ್ತು. ಚಡ್ಡಿ ಮ್ಯಾಲ ಹೋದವರು ಹಂಗೇ ಹ್ಯಾಂಗ ಹೊಳ್ಳಿ ಬರಬೇಕು? ಮುಗಿಯೋ ತನಕ ಕೈ ಮುಗಿದು ನಿಂತಾರ."

"ಹನಮಂತ?"

"ಯಾರಂತ ಗೊತ್ತಿಲ್ಲದ ಹೆಣದ ಮುಂದ ಭಾಳ ಅತ್ತರಂತ. ಇಲ್ಲಿ ಬಂದು ನಿಮ್ಮ ದಾರಿ ನೋಡಿದ್ರು. ಈಗ ವಾಡಿ ಸ್ಟೇಷನ್ನಿಗಿ ಹೋದ್ರು."

ಆಟೊ ಹಿಡಿದು ವಾಡಿ ತಲುಪಿದಾಗ ಗಾಡಿ ಹೊರಡುತ್ತಿತ್ತು. ಆ ದಿನ ನಾನು ನಿಜವಾಗಿ ಓಡಿದ್ದು ಆಗ! "ಹನಮಂತಾ! ನಂದು ತಪ್ಪಾತಪಾ!" ಎಂದು ಕೂಗುತ್ತ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದೆ. ಒಂದು ಕಿಟಕಿಯಿಂದ ಕೈಯೊಂದು ಹೊರಬಂದು ಬೀಸಿತು. ಗಾಡಿ ಮರೆಯಾಗುವವರೆಗೂ ನಾನೂ ಕೈ ಬೀಸಿದೆ.

ಚಹಾ ಮಾರುವವನು ಹತ್ತಿರ ಬಂದ. "ಯಾರಿಗಿ ಕಳಸಾಕ ಬಂದಿದ್ರಿ ಸರ್?"

"ಗೆಳೆಯಗ. ಸೊಲ್ಲಾಪುರಕ್ಕ ಹೊಂಟಾನ."

"ಸೊಲ್ಲಾಪುರದ ಗಾಡಿ ಆಗಳೇ ಹೋಯ್ತಲ್ರಿ. ಇದು ಹೈದ್ರಾಬಾದಿಗಿ ಹೋಗೋದು."

ಇನ್ನೂ ಮೇಲೇ ಇದ್ದ ಕೈಯನ್ನು ಮೆಲ್ಲಗೆ ಇಳಿಸಿದೆ.