ನೀಲಿ ಬೆವರು

ಟಪ್.

ಮಲಗುವ ಕೋಣೆಯ ಕಿಟಕಿಯಾಚೆ, ಗೇಟಿನೊಳಗೆ ನಿಂತ ಹಳೆಯ ಕಾರಿನ ಹೊಟ್ಟೆಯಿಂದ ಒಂದು ಹನಿ ಬಿತ್ತು. ಇನ್ನೊಂದು ಹನಿಗೆ ಮನಸ್ಸಾಗುವಷ್ಟು ಹೊತ್ತು ಬಿಟ್ಟು ಮತ್ತೆ, ಟಪ್. ಕೆಳಗಿಟ್ಟ ಡಬ್ಬಿಯ ಮುಚ್ಚಳದ ಮೇಲೆ ಬೀಳುವ ಆ ಸದ್ದು ಸೋರಿಕೆ ಸಾಹೇಬರಿಗೆ ಜೋಗುಳದಂತೆ ಕೇಳುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿಗೆ ಹಾಗೆ ಕೇಳುತ್ತಿರಲಿಲ್ಲ.

"ರೀ, ಭಾನುವಾರ ಅಣ್ಣ ಬರ್ತಾನೆ. ಅಷ್ಟರೊಳಗೆ ಇದು ನಿಲ್ಲದಿದ್ರೆ ಕಾರನ್ನ ಗುಜರಿಗೆ ಎಳ್ಕೊಂಡು ಹೋಗ್ತೀನಿ ಅಂದಿದ್ದಾನೆ. ನಾನೂ ಹ್ಞೂಂ ಅಂದಿದ್ದೀನಿ."

ಸಾಹೇಬರು ದಿಗ್ಗನೆ ಎದ್ದು ಕೂತರು. ನೀರು ಸರಬರಾಜು ಕಚೇರಿಯಲ್ಲಿ ಒಡೆದ ಕೊಳವೆಗಳ ದೂರು ಕೇಳುವುದೇ ಅವರ ಉದ್ಯೋಗ. ಸೋರಿಕೆ ಸಾಹೇಬರೆಂಬ ಬಿರುದು ಬಂದದ್ದೂ ಅಲ್ಲಿಂದಲೇ.

"ಊರಿಗೆ ಊರೇ ಸೋರಿದ್ರೂ ನನ್ನ ಮೇಜಿನ ಮುಂದೆ ಬಂದು ಕೈಕಟ್ಟಿ ನಿಲ್ಲುತ್ತೆ. ನನ್ನ ಮನೆ ಬಾಗಿಲಲ್ಲಿ ಒಂದು ಹನಿ ನನ್ನನ್ನ ಆಟ ಆಡಿಸೋದಾ? ಇವತ್ತು ಇದರ ಮೂಲ ಹುಡುಕಿಯೇ ತೀರ್ತೀನಿ."

"ನದೀಮೂಲ, ಋಷಿಮೂಲ ಹುಡುಕಬಾರದು ಅಂತಾರೆ."

"ಕಾರಿನ ಮೂಲ ಹುಡುಕಬಾರದು ಅಂತ ಯಾರೂ ಅಂದಿಲ್ಲ."

ಈ ವೀರಾವೇಶದ ಹಿಂದೆ ಒಂದು ಗುಟ್ಟಿತ್ತು. ಮೈ ಕರಗಬೇಕು, ದಿನಾ ನಡೆಯಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸಾಹೇಬರು ಬೆಳಗಿನ ಜಾವ ಬೂಟು ಕಟ್ಟಿ, ಕಾರು ಹತ್ತಿ, ಪಾರ್ಕಿಗೆಂದು ಹೊರಡುತ್ತಿದ್ದರು. "ನಡೆಯೋಕೆ ಹೋಗೋರಿಗೆ ಕಾರು ಯಾಕೆ?" ಎಂದರೆ, "ನಡೆಯೋ ಶಕ್ತಿ ದಾರಿಯಲ್ಲೇ ಖರ್ಚಾಗಬಾರದಲ್ಲ" ಎಂಬ ಉತ್ತರ ಸಿದ್ಧವಿತ್ತು. ಗೇಟು ದಾಟಿದ ಕಾರು ಮಾತ್ರ ಪಾರ್ಕಿದ್ದ ಬಲಕ್ಕೆ ತಿರುಗದೆ ಎಡಕ್ಕೆ ತಿರುಗುತ್ತಿತ್ತು. ಲೈಬ್ರರಿಯ ಹಿಂದೆ, ಬಿಳಿ ಹೂ ಉದುರಿಸುವ ಮರವೊಂದರ ಕೆಳಗೆ ನಿಲ್ಲುತ್ತಿತ್ತು. ಸೀಟು ಹಿಂದಕ್ಕೆ ಬಾಗುತ್ತಿತ್ತು. ಆಮೇಲೆ ನಿದ್ದೆ, ಮನೆಯ ಹಾಸಿಗೆಯಲ್ಲಿ ಎಂದೂ ಬಾರದ ನಿದ್ದೆ. ಗಾಜಿನ ಮೇಲೆ ಹೂವು ಬೀಳುತ್ತಿತ್ತು, ಕೆಳಗೆ ಹನಿ ಬೀಳುತ್ತಿತ್ತು, ನಡುವೆ ತಾವೂ ಎಲ್ಲೋ ಮೆಲ್ಲಗೆ ಬೀಳುತ್ತಿದ್ದರು, ಆದರೆ ನೆಲ ತಾಗುತ್ತಿರಲಿಲ್ಲ. ಎದ್ದ ಮೇಲೆ ಸ್ಟೀಲ್ ಬಾಟಲಿಯ ನೀರನ್ನು ಹಣೆಗೆ, ಕುತ್ತಿಗೆಗೆ, ಬೆನ್ನಿಗೆ ಚಿಮುಕಿಸಿಕೊಂಡು, ಚೆನ್ನಾಗಿ ಬೆವರಿದವರಾಗಿ ಮನೆಗೆ ಬರುತ್ತಿದ್ದರು. ಕಾರು ಗುಜರಿ ಸೇರಿದರೆ ಹೋಗುವುದು ಬರೀ ಕಬ್ಬಿಣವಲ್ಲ, ಸ್ವರ್ಗದ ಒಂದು ತುಂಡು.

ರೇಡಿಯೇಟರಿನಲ್ಲಿದ್ದದ್ದು ಬರೀ ನೀರು. ಬಣ್ಣವಿಲ್ಲದ ಕಳ್ಳನಿಗೆ ಜಾಡಿಲ್ಲ. ಹಾಗಾದರೆ ಕಳ್ಳನಿಗೇ ಬಣ್ಣ ಬಳಿದರೆ? ಹೆಂಡತಿ ಶಾಲೆಯ ಬಿಳಿ ಅಂಗಿಗಳನ್ನು ಹೊಲಿದುಕೊಡುವವಳು; ಬಟ್ಟೆಗೆ ಹಾಕುವ ನೀಲಿ ಮನೆಯಲ್ಲಿ ಧಾರಾಳವಾಗಿತ್ತು. ಸಾಹೇಬರು ಅದನ್ನು ನೀರಿಗೆ ಕಲಸಿ ರೇಡಿಯೇಟರಿಗೆ ಸುರಿದರು. ಮಿಕ್ಕಿದ್ದನ್ನು, ದಾರಿಯಲ್ಲಿ ಬೇಕಾದೀತೆಂದು, ಇನ್ನೊಂದು ಸ್ಟೀಲ್ ಬಾಟಲಿಗೆ ತುಂಬಿ ಕಾರಿನಲ್ಲಿಟ್ಟರು. ತಮ್ಮ ದೂರಾಲೋಚನೆಗೆ ತಾವೇ ತಲೆದೂಗಿ ಎಡಕ್ಕೆ ತಿರುಗಿದರು.

ಆ ದಿನದ ನಿದ್ದೆ ಹಿಂದಿನ ಎಲ್ಲ ನಿದ್ದೆಗಳನ್ನೂ ಮೀರಿಸಿತು. ಕಣ್ಣು ಅರ್ಧ ತೆರೆದು ಬಾಟಲಿಗೆ ಕೈಹಾಕಿದರು. ಹಣೆಗೆ, ಕುತ್ತಿಗೆಗೆ, ಬೆನ್ನಿಗೆ. ಇಳಿದು ಬಾನೆಟ್ ಎತ್ತಿದರೆ, ಕೆಳಗಿನ ಪೈಪಿನ ಕ್ಲಿಪ್ಪಿನ ಸುತ್ತ ನೀಲಿ ನೀಲಿ. ಮುಟ್ಟಿದರು, ಕೈಯೂ ನೀಲಿ. ಕನ್ನಡಿಯನ್ನೂ ನೋಡದೆ ಮನೆಗೆ ಹಾರಿದರು.

"ಸಿಕ್ತು ಕಣೇ! ಒಂದು ಕ್ಲಿಪ್ಪು ಸಡಿಲ, ಅಷ್ಟೇ. ನಿಮ್ಮಣ್ಣ ಬರಲಿ, ಅದನ್ನ ಬಿಗಿ ಮಾಡಿ, ಊಟ ಮಾಡ್ಕೊಂಡು ಬರಿಗೈಲಿ ಹೋಗಲಿ."

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆಯೆತ್ತಿದಳು. ದಾರ ಸೂಜಿಯ ಕಣ್ಣಿನ ಹೊರಗೇ ಉಳಿಯಿತು.

"ತುಂಬಾ ನಡೆದ್ರಾ ಇವತ್ತು?"

"ಕೇಳ್ಬೇಡ. ನೋಡು, ಬೆವರು ಹೇಗೆ ಬರ್ತಿದೆ."

"ನೋಡ್ತಿದ್ದೀನಿ. ನೀಲಿ ಬರ್ತಿದೆ."

ಸಾಹೇಬರು ನಿಲುವುಗನ್ನಡಿಯತ್ತ ತಿರುಗಿದರು. ಹಣೆಯಲ್ಲಿ ಹುಟ್ಟಿದ ನದಿ ಮೂಗಿನ ಬಳಿ ಕವಲೊಡೆದು ಗಲ್ಲದ ಕೆಳಗೆ ಸಂಗಮವಾಗಿತ್ತು.

"ಅದು... ಕಾರಿನ ಕೆಳಗೆ ಬಗ್ಗಿ ನೋಡಿದೆನಲ್ಲ, ಮುಖಕ್ಕೆ ಬಿತ್ತು."

"ಬೆನ್ನಿಗೂ ಬಿತ್ತಾ?"

ಸಾಹೇಬರು ಬೆನ್ನನ್ನು ಗೋಡೆಗೆ ಒತ್ತಿಕೊಂಡರು. ಆಕೆ ಚಪ್ಪಲಿ ಮೆಟ್ಟಿ ಗೇಟಿನ ಬಳಿ ಹೋದಳು. ರಸ್ತೆಯ ಮೇಲೆ ನೀಲಿ ಹನಿಗಳ ಸಾಲು ಎಡಕ್ಕೆ ಹೊರಟಿತ್ತು.

"ಪಾರ್ಕು ಬಲಕ್ಕಲ್ವಾ?"

ಅವಳು ನಡೆದಳು, ಅವರು ಹಿಂಬಾಲಿಸಿದರು. ಎಳೆಬಿಸಿಲಿನಲ್ಲಿ ಹನಿಗಳು ಯಾರೋ ದಾರಿಗುಂಟ ಹೊಲಿದು ಹೋದ ಟಾಕುಗಳಂತಿದ್ದವು. ಕೆಲವು ಕಡೆ ಟಾಕು ತಪ್ಪುತ್ತಿತ್ತು, ಹುಡುಕಿದರೆ ಮತ್ತೆ ಸಿಗುತ್ತಿತ್ತು. ಲೈಬ್ರರಿಯ ಹಿಂದೆ ಮರದ ಕೆಳಗೆ ಸಾಲು ಮುಗಿದು, ಒಂದು ಪುಟ್ಟ ನೀಲಿ ಕೊಳವಾಗಿತ್ತು. ಅದರ ತುಂಬ ಬಿಳಿ ಹೂಗಳು ಬಾನಿನಲ್ಲಿರುವಂತೆ ತೇಲುತ್ತಿದ್ದವು.

"ನದೀಮೂಲ ನೀವು ಹುಡುಕಿದ್ರಿ," ಎಂದಳು. "ಋಷಿಮೂಲ ನನಗೆ ಸಿಕ್ತು."

ಮರದ ಬುಡದ ಕಟ್ಟೆಯ ಮೇಲೆ ಕೂತಳು. ಒಂದು ಹೂವು ಮಡಿಲಿಗೆ ಬಿತ್ತು. ದಿನವಿಡೀ ಹೊಲಿಗೆಯಂತ್ರದ ಸದ್ದಿನಲ್ಲೇ ಇದ್ದವಳು ಹೂವು ಬೀಳುವ ಸದ್ದಿಗೆ ಕಿವಿಗೊಟ್ಟಳು.

"ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತಾ?"

"ತುಂಬಾ," ಎಂದುಬಿಟ್ಟರು ಸಾಹೇಬರು, ಮೈಮರೆತು.

ಆಕೆ ಎದ್ದು ಸೆರಗಿನಿಂದ ಅವರ ಹಣೆ ಒರೆಸಿದಳು. "ಈಗ ಬರ್ತಿರೋದಕ್ಕೆ ಬಣ್ಣ ಇಲ್ಲ. ಅಸಲಿ." ಮತ್ತೆ ಕೂತು, "ಕಾರು ಗುಜರಿಗೆ ಬೇಡ, ಇರ್ಲಿ" ಎಂದಳು.

ಸಾಹೇಬರ ನೀಲಿ ಮುಖ ಅರಳಿತು.

"ನಾಳೆಯಿಂದ ಅದನ್ನ ನಾನು ಇಲ್ಲಿಗೆ ತರ್ತೀನಿ. ಹೊಲಿಗೆಗೆ ಕೂರೋ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚೋಕೆ. ನೀವು ನಡೀರಿ."

"ನಾಳೆಯಿಂದ ತಾನೇ?"

"ನಡೀರಿ ಅಂದೆ. ಪಾರ್ಕು ಆ ಕಡೆ."

ಆಗಲೇ ಕಣ್ಣು ಮುಚ್ಚಿದ್ದಳು. ಸಾಹೇಬರು ನಾಲ್ಕು ಹೆಜ್ಜೆ ಹೋದರು, ಹಿಂತಿರುಗಿ ನೋಡಿದರು, ಮತ್ತೆ ಹೊರಟರು. ಮಾತು ಮಾತ್ರ ಅವರ ಹಿಂದೆ ಹನಿಹನಿಯಾಗಿ ಬೀಳುತ್ತಲೇ ಇತ್ತು: "ಆ ಸೀಟು ಸುಲಭಕ್ಕೆ ಬಾಗಲ್ಲ ಕಣೇ, ಪಕ್ಕದ ಹಿಡಿ ಮೇಲೆತ್ತಿ, ಬೆನ್ನಿಂದ ಮೆಲ್ಲಗೆ ಒತ್ತಿ, ಆಮೇಲೆ ಒಂದು ಚೂರು..."