ರಸ್ತೆಯೇತರ

ರಸ್ತೆಯೇತರ ವಾಹನವು ರಸ್ತೆಯ ಮೇಲೆ ಓಡತಕ್ಕದ್ದಲ್ಲ. ಈ ವಿಷಯದಲ್ಲಿ ಆರೋಗ್ಯ ಕಚೇರಿಯ ಯಾರಿಗೂ ಸಂಶಯವಿರಲಿಲ್ಲ. ಅಧೀಕ್ಷಕರಿಗಂತೂ ಇರುವ ಪ್ರಶ್ನೆಯೇ ಇಲ್ಲ. ಆ ಪದವನ್ನು ಹುಟ್ಟಿಸಿದವರೇ ಅವರು.

ಗುಡ್ಡದ ಮೇಲೆ ಕಲ್ಲು ಒಡೆಯುವವರ ಊರೊಂದಿದೆ. ಕೆಳಗೆ ಕಚೇರಿಯ ಆವರಣದಲ್ಲೇ ಇರುವ ಆಸ್ಪತ್ರೆಯಿಂದ ಸೇತುವೆಯವರೆಗೆ ಡಾಂಬರು ರಸ್ತೆ. ಸೇತುವೆ ದಾಟಿದರೆ ಮೇಕೆಗಳೂ ಯೋಚಿಸಿ ಹೆಜ್ಜೆಯಿಡುವ ದಾರಿ. ಅಲ್ಲಿಂದ ಬಸುರಿಯರನ್ನು ಇಳಿಸಿ ತರಲು, ಹಳೆಯದಾದರೂ ಸರಿ, ಗುಡ್ಡ ಹತ್ತುವಂಥ ‘ಆಫ್-ರೋಡ್’ ಗಾಡಿಯೊಂದನ್ನು ಕೊಳ್ಳಬಹುದೆಂದು ಮೇಲಿನಿಂದ ಇಂಗ್ಲಿಷಿನಲ್ಲಿ ಆದೇಶ ಬಂತು. ಕಚೇರಿಯಲ್ಲಿ ಎಲ್ಲರೂ ಅದನ್ನು ಜೀಪು ಎಂದರು. ಅಂಥ ಸಡಿಲ ಮಾತನ್ನು ಅಧೀಕ್ಷಕರು ಸಹಿಸುವವರಲ್ಲ. ಇಡೀ ಮಧ್ಯಾಹ್ನ ನಿಘಂಟಿನೊಂದಿಗೆ ಕಾದಾಡಿ ‘ರಸ್ತೆಯೇತರ ವಾಹನ’ ಎಂದು ಬರೆದರು. ಯಾರ ನಾಲಿಗೆಯೂ ಹೊರಳಲಿಲ್ಲ. ನಾಲಿಗೆ ಹೊರಳದಷ್ಟು ತೂಕ ಪದಕ್ಕಿದೆಯೆಂದು ಎಲ್ಲರೂ ಒಪ್ಪಿಕೊಂಡರು.

ಅಧೀಕ್ಷಕರ ಒಬ್ಬಳೇ ಮಗಳನ್ನು ಕೊಟ್ಟಿದ್ದದ್ದು ಅದೇ ಕಲ್ಲಿನ ಊರಿಗೆ. ಚೊಚ್ಚಲ ಬಸುರಿ, ದಿನ ತುಂಬುತ್ತಿತ್ತು. ಇನ್ನು ಗುಡ್ಡದ ದಾರಿ ನಡೆಯಕೂಡದೆಂದು ವೈದ್ಯರು ಹೇಳಿದ್ದರು. ಆದ್ದರಿಂದ ಅಧೀಕ್ಷಕರು ಈ ಖರೀದಿಯಲ್ಲಿ ಎಂದಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಲು ತೀರ್ಮಾನಿಸಿದರು. ಮಗಳಿಗಾಗಿ ಅವಸರ ಮಾಡಿದರೆಂದು ನಾಳೆ ಯಾರೂ ಬೆರಳು ತೋರಿಸಬಾರದು.

ದಳ್ಳಾಳಿ ಎರಡು ಗಾಡಿಗಳನ್ನು ತಂದು ಕಚೇರಿಯ ಅಂಗಳದಲ್ಲಿ ನಿಲ್ಲಿಸಿದ. ಒಂದು ತೀರಾ ಹಳೆಯ ಮಾದರಿ: ಉದ್ದ ಮೂಗು, ಕೈಯಲ್ಲಿ ತಿರುಗಿಸುವ ಗಾಜು, ಹಲಗೆಯಂಥ ಸೀಟು. ಅದಕ್ಕೆ ಗುಮಾಸ್ತರು ಅಜ್ಜ ಎಂದು ಹೆಸರಿಟ್ಟರು. ಇನ್ನೊಂದು ತುಸು ಈಚಿನದು: ಮೆತ್ತನೆ ಸೀಟು, ತಣ್ಣನೆ ಗಾಳಿ, ಬಾಗಿಲು ಸರಿಯಾಗಿ ಹಾಕದಿದ್ದರೆ ಗೊಣಗುವ ಸ್ವಭಾವ. ಉಪಚಾರದಲ್ಲಿ ಚೂರು ಕಡಿಮೆಯಾದರೂ ಮುನಿಸಿಕೊಳ್ಳುತ್ತಿದ್ದುದರಿಂದ ಅದು ಮಾವ ಆಯಿತು. ಯಾವ ಊರಿನ ಕಮ್ಮಾರ ಬೇಕಾದರೂ ರಿಪೇರಿ ಮಾಡಬಲ್ಲ, ಅಜ್ಜನೇ ಇರಲಿ ಎಂದು ಚಾಲಕ ಹೇಳಿದ. ಕೂರುವವರು ತಾವಾದ್ದರಿಂದ ಮಾವನೇ ಇರಲಿ ಎಂದು ವೈದ್ಯರು ಹೇಳಿದರು. ಅಧೀಕ್ಷಕರು ಇಬ್ಬರ ಮಾತನ್ನೂ ಕೇಳಿ, ಎರಡೂ ಅಭಿಪ್ರಾಯಗಳೇ ಹೊರತು ಅರ್ಹತೆಗಳಲ್ಲವೆಂದು ಬದಿಗಿಟ್ಟರು.

“ಇವನ್ನ ಇಲ್ಲಿಗೆ ಹೇಗೆ ತಂದ್ರಿ?” ಎಂದು ದಳ್ಳಾಳಿಯನ್ನು ಕೇಳಿದರು.

“ಮಾವನ್ನ ಓಡಿಸ್ಕೊಂಡೇ ಬಂದೆ ಸಾರ್. ನೀರು ಕುಡಿದ ಹಾಗೆ ಬಂತು.”

“ಎಲ್ಲಿ ಓಡಿಸಿದ್ರಿ?”

“ರಸ್ತೇಲಿ ಸಾರ್. ಇನ್ನೆಲ್ಲಿ?”

ಅಧೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ರಸ್ತೆಯಲ್ಲಿ ಓಡಿದ್ದು ರಸ್ತೆಯ ವಾಹನ. ಅದು ರಸ್ತೆಯೇತರ ಹೇಗಾದೀತು? ಮಾವ ಅನರ್ಹ. ದಳ್ಳಾಳಿಯ ಮುಖ ಇಳಿಯಿತು. ಅಜ್ಜನದೇನು ಕಥೆ ಎಂದಾಗ ಅವನು ನಿಜ ಹೇಳಿದ.

“ಅದು ಸ್ಟಾರ್ಟೇ ಆಗ್ಲಿಲ್ಲ ಸಾರ್. ಲಾರಿ ಮೇಲೆ ಹೇರ್ಕೊಂಡು ಬಂದೆ.”

“ಅಂದ್ರೆ ರಸ್ತೆ ಮುಟ್ಟಿಲ್ಲ.”

ದಳ್ಳಾಳಿಗೆ ಜ್ಞಾನೋದಯವಾಯಿತು. “ಮುಟ್ಟೋದಿರ್ಲಿ ಸಾರ್, ಕಣ್ಣೆತ್ತಿ ನೋಡಿಲ್ಲ.”

ತನ್ನ ನಡತೆಯಿಂದಲೇ ಅರ್ಹತೆಯನ್ನು ಸಾಬೀತುಪಡಿಸಿದ ಅಜ್ಜನನ್ನು ಖರೀದಿ ಸಮಿತಿ ಸರ್ವಾನುಮತದಿಂದ ಆರಿಸಿತು.

ಚಾಲಕ ಅಜ್ಜನ ಹೊಟ್ಟೆ ಬಿಚ್ಚಿ, ತೊಳೆದು, ಒರೆಸಿ, ಕೆಮ್ಮಿಸಿ, ಕಡೆಗೂ ಎಬ್ಬಿಸಿದ. ಗೇಟಿನವರೆಗೆ ಬಂದದ್ದೇ ಅಧೀಕ್ಷಕರು ಅಡ್ಡ ನಿಂತರು. ಗೇಟಿನಾಚೆ ಡಾಂಬರು. ಸೇತುವೆಯವರೆಗೂ ಡಾಂಬರೇ. ಅಜ್ಜ ಬಾಳಬೇಕಾದ ಜಾಗ ಸೇತುವೆಯಾಚೆ ಇತ್ತು. ಅಲ್ಲಿಗೆ ಹೋಗಲು ರಸ್ತೆಯೊಂದೇ ಅಡ್ಡಿ.

ಮನೆಯಲ್ಲಿ ಹೆಂಡತಿ ಮಗ್ಗುಲ ಕೋಣೆಯಿಂದಲೇ ಕೇಳಿದರು, “ಅವಳಿಗೆ ನೋವು ಬಂದ್ರೆ ನಿಮ್ಮ ಪದ ಹೋಗಿ ಹೊತ್ಕೊಂಡು ಬರುತ್ತೇನ್ರಿ?”

ಅಧೀಕ್ಷಕರು ತಟ್ಟೆ ಬದಿಗೆ ಸರಿಸಿದರು. ಮಗಳು ಚಿಕ್ಕವಳಿದ್ದಾಗ ಅವರ ಬೆನ್ನೇರಿ ಊರೆಲ್ಲ ಸುತ್ತಿದವಳು. ಆದರೂ ಯೋಚಿಸಿ ನೋಡಿದರೆ ಪದದಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಜಾಗದಲ್ಲಿದ್ದದ್ದು ರಸ್ತೆ. ಪದ ತಿದ್ದಲು ಭಾಷಾ ಸಮಿತಿ ಕೂಡಬೇಕು. ಅದರ ಸದಸ್ಯರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ಮಾತು ಬಿಟ್ಟಿದ್ದರು. ರಸ್ತೆ ಕೀಳಲು ರಸ್ತೆಯ ಎಂಜಿನಿಯರರ ಒಂದು ಸಹಿ ಸಾಕು. ಮರುದಿನವೇ ಪ್ರಕಟಣೆ ಹೊರಬಿತ್ತು:

‘ಆಸ್ಪತ್ರೆಯಿಂದ ಸೇತುವೆಯವರೆಗಿನ ರಸ್ತೆಯನ್ನು ಸಾರ್ವಜನಿಕರ ಸುಗಮ ಸಂಚಾರಕ್ಕಾಗಿ ತೆಗೆಯಲಾಗುವುದು. ಅನನುಕೂಲವಾದಲ್ಲಿ ಅದನ್ನು ಅನುಕೂಲದ ಭಾಗವೆಂದು ತಿಳಿಯತಕ್ಕದ್ದು.’

ರಸ್ತೆಯ ಎಂಜಿನಿಯರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗುಂಡಿ ಬಿದ್ದಿದೆ ಎನ್ನಲು ಮೊದಲು ರಸ್ತೆ ಇರಬೇಕು. ದೂರುಗಳೆಲ್ಲ ಒಂದೇ ಏಟಿಗೆ ಇತ್ಯರ್ಥ. ಹಾಕಿದ ಗುತ್ತಿಗೆದಾರನಿಗೇ ಕೀಳುವ ಗುತ್ತಿಗೆಯೂ ಸಿಕ್ಕಿತು. ಅವನು ಅಧೀಕ್ಷಕರ ಮುಂದೆ ಕೈಕಟ್ಟಿ ನಿಂತು, “ಹಾಕೋವಾಗ ಏನೋ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು ಸಾರ್. ಕೀಳೋದ್ರಲ್ಲಿ ಒಂಚೂರೂ ಮೋಸ ಮಾಡಿಲ್ಲ,” ಎಂದ. ಮಾಡಿರಲಿಲ್ಲ. ರಿಬ್ಬನ್ ಕತ್ತರಿಸಿ ರಸ್ತೆಯಿಲ್ಲದ ಜಾಗವನ್ನು ಉದ್ಘಾಟಿಸಲಾಯಿತು. ನೆರೆದವರು ಚಪ್ಪಾಳೆ ತಟ್ಟಿ, ಮನೆಗೆ ಹೋಗುವುದು ಹೇಗೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ನೋವು ಶುರುವಾಗಿದೆಯೆಂದು ಅಳಿಯನ ಫೋನು ಬಂದಾಗ ಎಲ್ಲವೂ ಸಿದ್ಧವಿತ್ತು. ಚಾಲಕನ ಪಕ್ಕ ಅಧೀಕ್ಷಕರು, ಹಿಂದೆ ಹೆಂಡತಿ ಮತ್ತು ಆಸ್ಪತ್ರೆಯ ದಾದಿ. ಅಜ್ಜ ಹಳ್ಳಕ್ಕೆ ಇಳಿದು ದಿಬ್ಬಕ್ಕೆ ಏರಿ, ಎಲ್ಲರ ಮೂಳೆಗಳನ್ನೂ ಎಣಿಸುತ್ತ ಸೇತುವೆಯ ಈಚೆ ತುದಿಗೆ ಬಂದು ನಿಂತಿತು. ನಿಯಮ ಪಾಲಿಸಿದರೆ ದಾರಿ ತಾನಾಗಿ ಆಗುತ್ತದೆಂದು ಅಧೀಕ್ಷಕರು ಹೇಳುತ್ತ ಆಚೆ ತುದಿ ನೋಡಿದರು.

ಅಲ್ಲಿ ರಸ್ತೆಯಿತ್ತು. ಚಪ್ಪಡಿ ಜೋಡಿಸಿದ, ನೀರು ನಿಲ್ಲದ, ನೆಟ್ಟಗಿನ ರಸ್ತೆ. ಅದರ ಮೇಲೆ ಮೈ ತೊಳೆದುಕೊಂಡು ನಿಂತಿದ್ದ ಮಾವನ ಒಳಗೆ ಮಗಳು.

“ಇರೋ ಮಾವ ಕೈಕೊಟ್ರಲ್ಲ, ಅದಕ್ಕೆ ಊರವರೆಲ್ಲ ಸೇರಿ, ರಸ್ತೆ ಕೀಳೋ ಮುಂಚೇನೇ, ದಳ್ಳಾಳಿ ಹತ್ರ ಇನ್ನೊಬ್ಬ ಮಾವನ್ನ ಕೊಂಡ್ಕೊಂಡ್ವಿ,” ಎಂದು ಅಳಿಯ ಆಚೆಯಿಂದ ವಿವರಿಸಿದ. “ಇವರು ರಸ್ತೆ ಇಲ್ದಿದ್ರೆ ಕಾಲಿಡಲ್ಲ. ಹಾಕಿದ್ವಿ. ಕಲ್ಲಿಗೇನು ಬರ.”

ಕಿತ್ತ ನೆಲಕ್ಕೆ ಇಳಿದರೆ ಮಾವ ಹೂತುಹೋಗುತ್ತದೆ. ಕಟ್ಟಿದ ರಸ್ತೆಗೆ ಏರಿದರೆ ಅಜ್ಜ ಅನರ್ಹವಾಗುತ್ತದೆ. ಉಳಿದದ್ದು ಸೇತುವೆ. ಸೇತುವೆ ರಸ್ತೆಯೇ? ಅಲ್ಲವೇ? ಅದು ಬೇರೆ ಇಲಾಖೆಗೆ ಸೇರಿದ್ದು. ಅಧೀಕ್ಷಕರು ಕಣ್ಣುಮುಚ್ಚಿ ಯೋಚಿಸತೊಡಗಿದರು. ಹೆಂಡತಿ ಮತ್ತು ದಾದಿ ಯೋಚಿಸದೆ ಓಡಿದರು. ಅಳಿಯ ಎತ್ತಿಕೊಂಡು ಬಂದ ಮಗಳನ್ನು ಸೇತುವೆಯ ನಡುವೆ ಕಂಬಳಿ ಹಾಸಿ ಮಲಗಿಸಬೇಕಾಯಿತು. ಮಗು ಕಾಯುವ ಜಾತಿಯದಾಗಿರಲಿಲ್ಲ.

“ಅಪ್ಪಾ,” ಎಂದಳು ಮಗಳು ಹಲ್ಲು ಕಚ್ಚಿ, “ಇದು ರಸ್ತೆಯೋ ಅಲ್ವೋ ಆಮೇಲೆ ಹೇಳಿ. ಕೈ ಕೊಡಿ.”

ಅಧೀಕ್ಷಕರು ಸೇವೆಗೆ ಸೇರಿದಾಗಿನಿಂದ ಮೊದಲ ಬಾರಿಗೆ ಅನುಮತಿ ಪಡೆಯದೆ ಬೇರೆ ಇಲಾಖೆಯ ಜಾಗಕ್ಕೆ ಕಾಲಿಟ್ಟರು. ಅವಳು ಹಿಡಿದ ಕೈ ಒಂದು ವಾರ ಸಹಿಗೆ ಬರಲಿಲ್ಲ.

ತಾಯಿ, ಮಗು ಕ್ಷೇಮ. ಹೆಣ್ಣು. ಹುಟ್ಟಿದ ಸ್ಥಳ ಏನೆಂದು ಬರೆಯಬೇಕೆಂದು ದಾದಿ ಕೇಳಿದಾಗ ಅಧೀಕ್ಷಕರು ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ, ನಿಘಂಟಿನ ಸಹಾಯವಿಲ್ಲದೆ ಹೇಳಿದರು: “ರಸ್ತೆಯೇತರೇತರ.”

ಎಲ್ಲರೂ ಒಪ್ಪಿದರು. ಹೆಂಡತಿಯೂ ಒಮ್ಮೆ ಹೇಳಿ ನೋಡಿ, ಪರವಾಗಿಲ್ಲ, ಹಳೆಯದಕ್ಕಿಂತ ಬಾಯಿಗೆ ಬರುತ್ತದೆ ಎಂದರು. ಈಗ ಬಸುರಿಯರು ಗುಡ್ಡದಿಂದ ಮಾವನಲ್ಲಿ ಬರುತ್ತಾರೆ, ಆಸ್ಪತ್ರೆಗೆ ಅಜ್ಜನಲ್ಲಿ ಹೋಗುತ್ತಾರೆ. ನಡುವಿನ ಸೇತುವೆಗೆ ಯೋಗ್ಯವಾದ ರಸ್ತೆಯೇತರೇತರ ವಾಹನವನ್ನು ಆರಿಸಲು ಅಧೀಕ್ಷಕರ ನೇತೃತ್ವದಲ್ಲಿ ಸಮಿತಿಯಾಗಿದೆ. ದಳ್ಳಾಳಿ ಆಗಲೇ ಎರಡನ್ನು ತಂದಿದ್ದಾನೆ. ಒಂದಕ್ಕೆ ಚಕ್ರವಿಲ್ಲ, ಇನ್ನೊಂದಕ್ಕೆ ಎಂಜಿನ್ ಇಲ್ಲ. ಎರಡೂ ಅರ್ಹವಾಗಿರುವುದರಿಂದ ಆಯ್ಕೆ ಕಷ್ಟವಾಗಿದೆ.